ಹೂವಿಗೂ ಒಂದು ಮನೆಖರ್ಚಿನ ಲೆಕ್ಕ

(ಕಾತ್ರಜದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಓದಿದ್ದು ಎಂ.ಟೆಕ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೂ ಇಂದು ಹೂವಿನ ಬಗ್ಗೆ ಮಾತನಾಡಲು ಕಾರಣವಿದೆ. ಬಾಲ್ಕನಿಯ ಗಿಡದಲ್ಲಿ ಒಂದು ಎಲೆ ತೂತಾದರೆ ಸಾಕು, ನಾವು ಔಷಧಿ ಬಾಟಲಿ ಹುಡುಕುತ್ತೇವೆ. ಸೊಸೈಟಿಯ ಗೋಡೆಗೆ ಹೆಜ್ಜೇನು ಕಟ್ಟಿದರೆ ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್ ಹೋಗುತ್ತದೆ. ಆದರೆ ಹೂವಿಗೆ ಇಂದಿನ ರೂಪ ಬಂದಿರುವುದರಲ್ಲಿ ಎಲೆ ತಿನ್ನುವ ಹುಳು, ಮಕರಂದ ಹೀರುವ ಜೇನು ಎರಡರ ಪಾಲೂ ಇದೆ.

ಗಿಡದ ಬದುಕು ನಮ್ಮ ತಿಂಗಳ ಬಜೆಟ್ ಇದ್ದಂತೆ. ಬಣ್ಣ, ಪರಿಮಳ, ಮಕರಂದ ಇವೆಲ್ಲ ಅತಿಥಿ ಸತ್ಕಾರದ ಖರ್ಚು. ಎಲೆಯೊಳಗಿನ ಕಹಿ, ಖಾರ, ವಿಷ ಕಾವಲಿನ ಖರ್ಚು. ಸಾಸಿವೆ ಅರೆದಾಗ ಮೂಗಿಗೇರುವ ಘಾಟು ಇದೆಯಲ್ಲ, ಅದು ಹುಳುಗಳ ವಿರುದ್ಧ ಗಿಡ ಇಟ್ಟುಕೊಂಡ ಆಯುಧವೇ. ವರಮಾನ ಮಾತ್ರ ಒಂದೇ.

ಜ್ಯೂರಿಕ್ ವಿಶ್ವವಿದ್ಯಾಲಯದ ಸರ್ಜಿಯೊ ರಾಮೋಸ್ ಮತ್ತು ಫ್ಲೋರಿಯನ್ ಶೀಸ್ಟಲ್ ಸಾಸಿವೆಯ ನೆಂಟ ಗಿಡವೊಂದನ್ನು ಆರು ತಲೆಮಾರು ಬೆಳೆಸಿ ಈ ಲೆಕ್ಕವನ್ನು ಪರೀಕ್ಷಿಸಿದರು. ಅವರ ಪ್ರಬಂಧ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ದುಂಬಿಗಳು ಮಾತ್ರ ಬಂದ ಗುಂಪಿನಲ್ಲಿ ಹೂಗಳ ಪರಿಮಳ ಹೆಚ್ಚಿತು, ಗಾತ್ರವೂ ದೊಡ್ಡದಾಗತೊಡಗಿತು. ದುಂಬಿಯ ಜೊತೆ ಎಲೆ ತಿನ್ನುವ ಕಂಬಳಿಹುಳುವನ್ನೂ ಬಿಟ್ಟ ಗುಂಪಿನಲ್ಲಿ ವಿಷ ಹೆಚ್ಚಿತು, ಪರಿಮಳ ಕುಗ್ಗಿತು. ಅತಿಥಿಯನ್ನು ನೆಚ್ಚದೆ ತನ್ನ ಪರಾಗದಿಂದಲೇ ಬೀಜ ಕಟ್ಟುವ ಶಕ್ತಿಯೂ ಬೆಳೆಯಿತು. ಕೇವಲ ಆರು ತಲೆಮಾರಿನಲ್ಲಿ!

ನಮ್ಮ ಹತ್ತಿರದ ಉದಾಹರಣೆ ಬೇಕೆ? ಕಾತ್ರಜ ಘಾಟ್ ಇಳಿದು ಸಾತಾರಾ ಕಡೆಗೆ ಹೋದರೆ ಸಹ್ಯಾದ್ರಿಯಲ್ಲಿ ಕಾರ್ವಿ ಸಿಗುತ್ತದೆ. ನಮ್ಮ ಮಲೆನಾಡಿನ ಗುರಿಗೆಯ ಬಳಗದ್ದೇ ಗಿಡ. ಏಳೆಂಟು ವರ್ಷ ಸುಮ್ಮನಿದ್ದು, ಬೆಟ್ಟವೆಲ್ಲ ಒಟ್ಟಿಗೇ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಒಮ್ಮೆಲೇ ಅಷ್ಟೊಂದು ಬೀಜ ಬಿದ್ದರೆ ತಿನ್ನುವವರು ತಿಂದರೂ ಮೊಳೆಯಲು ಸಾಕಷ್ಟು ಉಳಿಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಜೇನಿಗಂತೂ ಅದು ಹಬ್ಬ.

ಅತಿಥಿಗಳೇ ಕಡಿಮೆಯಾದರೆ? ಪ್ಯಾರಿಸ್ ಸುತ್ತಲಿನ ಹೊಲಗಳ ಒಂದು ಕಾಡುಹೂವಿನ ಹಳೆಯ ಬೀಜವನ್ನೂ 2021ರ ಬೀಜವನ್ನೂ ಜೊತೆಯಲ್ಲಿ ಬೆಳೆಸಿ ನೋಡಿದ್ದಾರೆ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಹೂವು ಶೇ. 10ರಷ್ಟು ಚಿಕ್ಕದಾಗಿದೆ, ಮಕರಂದ ಶೇ. 20ರಷ್ಟು ಇಳಿದಿದೆ. ಮಕರಂದ ಇಳಿದರೆ ಉಳಿದ ದುಂಬಿಗಳಿಗೂ ಊಟವಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಹೂ ಅರಳಿರುವಾಗ ಔಷಧಿ ಹೊಡೆಯಬೇಡಿ. ಹುಳು ಹೆಚ್ಚಾದರೆ ಕೈಯಿಂದ ತೆಗೆಯಿರಿ. ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುವಿದ್ದರೆ ಒಂದೆರಡು ಟೊಂಗೆ ಅದಕ್ಕೇ ಬಿಟ್ಟುಬಿಡಿ. ಅದು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಮರಿಯಾಗಿರಬಹುದು. ಇಂದು ಎಲೆ ಕದಿಯುವುದೇ ನಾಳೆ ನಿಮ್ಮ ಹೂವಿಗೆ ಅತಿಥಿಯಾಗಿ ಬರುತ್ತದೆ. ಮಕ್ಕಳನ್ನೂ ಕರೆದು ತೋರಿಸಿ.