ಕಲ್ಲು ನೆಲಕ್ಕೆ ನಮ್ಮ ಹೂವೇ ಸರಿ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳಿಂದ ನಾವು ಬೀಜ, ಗೊಬ್ಬರ, ಸಾಲದ ಮಾತನ್ನೇ ಆಡಿಕೊಂಡು ಬಂದಿದ್ದೇವೆ. ಇಂದು ಹೂವಿನ ಮಾತು. ಶೇಂಗಾ ಬೆಳೆಯೋ ಊರಲ್ಲಿ ಹೂವು ಕಟ್ಟಿಕೊಂಡು ಏನು ಮಾಡೋಣ ಅಂತ ಕೇಳುವವರಿದ್ದೀರಿ. ಕೇಳಬೇಕಾದ್ದೇ. ಶಾಲೆ, ಗುಡಿ, ಗೋದಾಮಿನ ಮುಂದೆ ನಾವು ತಂದು ನೆಡುವ ಅಲಂಕಾರದ ಗಿಡಗಳಿಗೆ ದಿನಾ ಕೊಡ ನೀರು ಬೇಕು. ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಸೀಮೆ. ಕೊಳವೆಬಾವಿ ಬತ್ತಿದ ವರ್ಷ ಆ ಕೊಡ ನೀರು ದನಕ್ಕೋ ಗಿಡಕ್ಕೋ?

ನೀರು ಕೇಳದ ಹೂಗಳು ನಮ್ಮ ಗುಡ್ಡದಲ್ಲೇ ಇವೆ. ತಂಗಡಿಯನ್ನು ನೋಡಿ. ಬಂಗಾರದ ಬಣ್ಣದ ಹೂ. ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು, ಸೊಪ್ಪು ಹೊಲಕ್ಕೆ ಗೊಬ್ಬರ. ತೆಲಂಗಾಣದಲ್ಲಿ ಬತುಕಮ್ಮ ಹಬ್ಬಕ್ಕೆ ಇದೇ ಹೂ ಬೇಕು. ದನ ಬಾಯಿ ಹಾಕುವುದು ಕಡಿಮೆಯಾದ್ದರಿಂದ ಬೇಲಿ ಬೇಡ. ನೆಲಕ್ಕೆ ಹಬ್ಬುವ ನೀಲಿ ವಿಷ್ಣುಕ್ರಾಂತಿ, ಮುಳ್ಳು ಗೋರಂಟಿ, ಭಾದ್ರಪದದ ಗೌರಿಹೂ, ಇವೆಲ್ಲ ಒಮ್ಮೆ ಬೇರೂರಿದರೆ ವರ್ಷವರ್ಷವೂ ಚಿಗುರುತ್ತವೆ.

ಹಿಂದೆ ಇವನ್ನು ಯಾರೂ ಬಿತ್ತಬೇಕಿರಲಿಲ್ಲ. ಅಮೃತಮಹಲ್ ಕಾವಲಿನಲ್ಲಿ ದನಕುರಿಗಳ ಜೊತೆ ತಾವಾಗೇ ಇದ್ದವು. 2010ರ ಸುಮಾರಿಗೆ ಕುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ಮುಂದೂ ಬಂತು. ಅದರ ಸರಿತಪ್ಪು ಬೇರೆ ಸಭೆಯ ಮಾತು. ಕಾವಲು ಕಿರಿದಾದರೆ ಉಳಿದ ಗುಡ್ಡದ ಮೇಲೆ ಮೇವಿನ ಒತ್ತಡ ಹೆಚ್ಚುತ್ತದೆ. ಸಣ್ಣ ಗಿಡ ಬೀಜ ಕಟ್ಟುವ ಮೊದಲೇ ಕುರಿ ಬಾಯಿಗೆ ಹೋಗುತ್ತದೆ. ಇನ್ನು ಬಿತ್ತುವವರು ನಾವೇ.

ಬಿತ್ತುವ ಕ್ರಮ ಸುಲಭ. ಕಾಯಿ ಗಿಡದಲ್ಲೇ ಒಣಗಿದ ಮೇಲೆ ಅರ್ಧ ಬಿಡಿಸಿ, ಅರ್ಧ ಗಿಡಕ್ಕೇ ಬಿಡಿ. ಹುಳು ಹೊಡೆದ ಬೀಜ ಆರಿಸಿ ತೆಗೆದು, ಉಳಿದದ್ದನ್ನು ಬೂದಿ ಬೆರೆಸಿ ಮಡಕೆಯಲ್ಲಿಡಿ. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ನೀರು ಒಳಗೆ ಇಳಿಯುವುದಿಲ್ಲ. ಒರಟು ಮರಳಿನಲ್ಲಿ ಉಜ್ಜಿ, ಇಲ್ಲವೇ ಕುದಿಸಿ ಇಳಿಸಿದ ನೀರು ಹೊಯ್ದು ರಾತ್ರಿಯೆಲ್ಲಾ ನೆನೆಹಾಕಿ. ವಿಷ್ಣುಕ್ರಾಂತಿಯ ಸಣ್ಣ ಬೀಜಕ್ಕೆ ಮರಳಿನ ಉಜ್ಜು ಸಾಕು.

ಆಷಾಢದ ಒಣಗಾಳಿ ಮೊಳಕೆಯನ್ನು ಸುಡುತ್ತದೆ. ನಮ್ಮ ಕಡೆ ನಂಬಿಕೆಯ ಮಳೆ ಉತ್ತರೆ, ಹಸ್ತ. ಆಗ ಇದ್ದ ಜಾಗದಲ್ಲೇ ಬಿತ್ತಿ. ತಂಗಡಿಯ ತಾಯಿಬೇರು ಬೇಗ ಆಳಕ್ಕಿಳಿಯುತ್ತದೆ, ಕಿತ್ತು ನೆಟ್ಟರೆ ಮುರಿಯುತ್ತದೆ. ಕಲ್ಲು ಆರಿಸಿ ಎಸೆಯಬೇಡಿ. ಕಲ್ಲಿನ ಅಡಿಯಲ್ಲಿ ತೇವ ನಿಲ್ಲುತ್ತದೆ. ಇಳಿಜಾರಿದ್ದರೆ ಕೆಳಗಡೆಗೆ ಅರ್ಧಚಂದ್ರದ ಒಡ್ಡು ಹಾಕಿ. ಮೊದಲ ಬೇಸಿಗೆ ವಾರಕ್ಕೊಮ್ಮೆ ಚೊಂಬು ನೀರು ಕೊಟ್ಟರೆ ಮುಂದೆ ಅದರ ಪಾಡಿಗೆ ಅದು.

ಗೌರಿಹೂವಿಗೆ ತಾಳ್ಮೆ ಬೇಕು. ಬೀಜದ ಗಿಡ ಹೂ ಬಿಡಲು ಮೂರು ನಾಲ್ಕು ವರ್ಷ. ಮಳೆ ಹೋದ ಮೇಲೆ ಬಳ್ಳಿ ಒಣಗಿದರೆ ಸತ್ತಿತೆಂದು ಅಗೆಯಬೇಡಿ, ಗೆಡ್ಡೆ ಒಳಗೆ ಜೀವ ಹಿಡಿದಿರುತ್ತದೆ. ಆ ಗೆಡ್ಡೆ ಕಡು ವಿಷ. ಆದ್ದರಿಂದ ಶಾಲೆಯ ಅಂಗಳದಲ್ಲಿ ಮಾತ್ರ ಖಂಡಿತ ಬೇಡ.

ಬಂಧುಗಳೇ, ಒಬ್ಬ ಬಿತ್ತಿದರೆ ಅದು ಅವನ ಹಿತ್ತಲು. ಎಲ್ಲರೂ ಬಿತ್ತಿದರೆ ಅದು ಸಹಕಾರ. ಈ ಬೇಸಿಗೆಗೆ ಮುಂಚೆ ಮನೆಗೊಂದು ಬೊಗಸೆ ತಂಗಡಿ ಬೀಜ ತಂದು ಸಂಘದಲ್ಲಿ ಕೊಡಿ. ಶೇಂಗಾ ಬೀಜದ ಹಾಗೇ ಹೆಸರು ಬರೆದು ಜೋಪಾನ ಮಾಡೋಣ, ಉತ್ತರೆ ಮಳೆಗೆ ಹಂಚೋಣ. ಗೋದಾಮಿನ ಹಿಂದಿನ ಕಲ್ಲು ಜಾಗದಿಂದಲೇ ಶುರುವಾಗಲಿ.