ಹಲಗೆಯ ನೆಲವೂ ಚಳಿಗಾಳಿಯೂ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಬಿಳಿಗಿರಿರಂಗನ ಬೆಟ್ಟಗಳ ದಕ್ಷಿಣ ಸೀಮೆಯಲ್ಲಿ ಪುಣಜನೂರು ಸಿಕ್ಕುವುದು. ಮಾಗಿಯ ಇರುಳಿನಲ್ಲಿ ಬೆಟ್ಟದ ಮೇಲಣ ಗಾಳಿಯು ತಣಿದು ಭಾರವಾಗಿ, ಇಳಿಜಾರನ್ನು ಹಿಡಿದು ನೀರಿನಂತೆಯೇ ಕೆಳಗೆ ಹರಿಯುವುದು. ಇಂತಹ ಎಡೆಯಲ್ಲಿ ಹಳೆಯ ಮನೆಯ ಹಲಗೆನೆಲವು ಸಂದುಬಿಟ್ಟಿದ್ದರೆ, ಬಾಗಿಲು ಕಿಟಕಿಗಳನ್ನು ಎಷ್ಟು ಭದ್ರಪಡಿಸಿದರೂ ಚಳಿಯು ಕಾಲಡಿಯಿಂದಲೇ ಏಳುವುದು.

ನಮ್ಮ ನಾಡಿನಲ್ಲಿ ಕೆಳನೆಲಕ್ಕೆ ಕಲ್ಲು, ಗಾರೆ, ಸಾರಿಸಿದ ಮಣ್ಣೇ ರೂಢಿ. ಮರವು ಹೆಚ್ಚಾಗಿ ಮಹಡಿಯ ಪಾಲು. ತೆರೆದ ಜಗಲಿಯ ಮೇಲಣ ಮಹಡಿಯ ಕೋಣೆಯಲ್ಲಿ ಕೂಸನ್ನು ಮಲಗಿಸುವ ತಾಯಂದಿರಿಗೆ ಈ ಚಳಿಯ ವಿಚಾರವನ್ನು ನಾವು ಹೇಳಿಕೊಡಬೇಕಾದುದಿಲ್ಲ. ಕೆಲವು ಹಳೆಯ ಬಂಗಲೆಗಳಲ್ಲಿ ಕೆಳನೆಲವೂ ಹಲಗೆಯದೇ. ಅದರಡಿಯಲ್ಲಿ ಟೊಳ್ಳುಬಿಟ್ಟು, ಅಡಿಗೋಡೆಯಲ್ಲಿ ಗಾಳಿಗಂಡಿಗಳನ್ನು ಇರಿಸಿರುವರು.

ಚಳಿಗೆ ಹೆದರಿದ ಮನೆಯವರು ಮೊದಲು ಮುಚ್ಚುವುದು ಈ ಗಂಡಿಗಳನ್ನೇ. ಇದಕ್ಕಿಂತ ಕೇಡಿನ ಕೆಲಸ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ. ನೆಲದಡಿಯ ತೇವವು ಹೊರಹೋಗಲಾರದೆ ತೊಲೆಗಳನ್ನು ಕೊಳೆಯಿಸುವುದು. ಆ ತೇವ, ಆ ಕತ್ತಲೆ ಗೆದ್ದಲಿಗೆ ಹಬ್ಬ. ಹಾವು ಹೆಗ್ಗಣಗಳ ಭಯವಿದ್ದರೆ ಗಂಡಿಗೆ ತಂತಿಯ ಬಲೆಯನ್ನು ಬಡಿಯಬಹುದು. ಹಲಗೆಯು ಮೇಲೆ ಹೊಳೆಯುತ್ತಿರುವಾಗಲೇ ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಹಿಟ್ಟಾಗಿರುವುದುಂಟು. ತೊಲೆಯು ಗೋಡೆಯನ್ನು ಸೇರುವೆಡೆಯಲ್ಲಿ ದಬ್ಬಣದಿಂದ ಚುಚ್ಚಿ ನೋಡಬೇಕು. ಸಲೀಸಾಗಿ ಇಳಿದರೆ ಬಡಗಿಯನ್ನು ಕರೆಯಿಸಲು ತಡಮಾಡಲಾಗದು. ಬಿಳಿಗಿರಿರಂಗನ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಪಕ್ಕದ ಕಾಡಿನಿಂದ ತೇಗ ಹೊನ್ನೆಗಳನ್ನು ಕಡಿದು ತರುವ ಕಾಲ ಕಳೆಯಿತು. ಇದ್ದ ಹಲಗೆಯನ್ನೇ ಉಳಿಸಿಕೊಳ್ಳಬೇಕು.

ಮುಚ್ಚತಕ್ಕದ್ದು ಹಲಗೆಗಳ ನಡುವಣ ಸಂದು. ಊದುಬತ್ತಿಯನ್ನು ಹಚ್ಚಿ ಸಂದಿನುದ್ದಕ್ಕೂ ಹಿಡಿದು ನಡೆದರೆ, ಗಾಳಿ ಏಳುವೆಡೆಯಲ್ಲಿ ಹೊಗೆಯು ಬಳುಕಿ ತೋರಿಸುವುದು. ಆದರೆ ಮರದ ಸ್ವಭಾವವನ್ನರಿಯದೆ ಕೈಹಾಕಬಾರದು. ಮರವು ಉದ್ದಕ್ಕೆ ಹಿಗ್ಗುವುದು ಇಲ್ಲವೆಂಬಷ್ಟು ಅಲ್ಪ. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗಿ, ಒಣಹವೆಯಲ್ಲಿ ಕುಗ್ಗುವುದು. ಬೇಸಗೆಯಲ್ಲಿ ಸಂದುಗಳನ್ನೆಲ್ಲ ಬಿಗಿಯಾಗಿ ತುಂಬಿದರೆ, ಮಳೆ ಬಂದಾಗ ಹಲಗೆಗಳು ಒಂದನ್ನೊಂದು ನೂಕಿ ಉಬ್ಬಿ ಏಳುವುವು. ಆದ್ದರಿಂದ ಅದೇ ಜಾತಿಯ ಮರದಿಂದ, ಸಂದಿಗಿಂತ ತುಸು ಕಿರಿದಾದ ಪಟ್ಟಿಯನ್ನು ಸೀಳಿ, ಒಂದೇ ಮಗ್ಗುಲಿಗೆ ಅಂಟುಹಚ್ಚಿ ಇಳಿಸಬೇಕು. ಇನ್ನೊಂದು ಮಗ್ಗುಲು ಬಿಡುವಾಗಿರಲಿ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಮೆತ್ತುವುದು ಅಗ್ಗವೇನೋ ಹೌದು, ಹಲಗೆ ಅಲುಗಿದಂತೆಲ್ಲ ಉದುರುತ್ತ ಹೋಗುವುದು. ಗೋಡೆಯಂಚಿನ ಅಗಲವಾದ ಸಂದಿಗೆ ತೆಂಗಿನ ನಾರಿನ ಹುರಿಯನ್ನು ಸಡಿಲವಾಗಿ ಒತ್ತಿದರೆ ಸಾಕು. ಮೇಲೊಂದು ಜಮಖಾನವನ್ನು ಹಾಸಿ, ಬಿಸಿಲೇರಿದ ಮೇಲೆ ಅದನ್ನು ಸುತ್ತಿಟ್ಟು ಹಲಗೆಗೆ ಗಾಳಿಯಾಡಗೊಡಬೇಕು.