ಅಳಿವೆಯ ಮರಳಿಗೆ 21 ವರ್ಷ ಕೊಟ್ಟ ಎಂಜಿನಿಯರ್

ಇವತ್ತು ಒಬ್ಬ ಎಂಜಿನಿಯರ್ ಕಥೆ. ಸಾಫ್ಟ್‌ವೇರ್ ಅಲ್ಲ, ಬಂದರು ಕಟ್ಟೋ ಸಿವಿಲ್ ಎಂಜಿನಿಯರ್. ಹೆಸರು ರಾಬರ್ಟ್ ಬ್ರಿಸ್ಟೋ, ಊರು ಇಂಗ್ಲೆಂಡ್, ಕೆಲಸ ಕೊಚ್ಚಿಯಲ್ಲಿ.

1920ರಲ್ಲಿ ಅವರು ಬಂದಿಳಿದಾಗ ಕೊಚ್ಚಿಯೊಳಗೆ ವಿಶಾಲವಾದ, ಶಾಂತವಾದ ಹಿನ್ನೀರಿತ್ತು. ಆದ್ರೆ ಅಳಿವೆಗೆ ಅಡ್ಡಲಾಗಿ ಗಟ್ಟಿ ಮರಳದಿಣ್ಣೆ. ಮಂಗಳೂರು, ಮಲ್ಪೆಯವರಿಗೆ ಅಳಿವೆ ಅಂದ್ರೆ ಏನಂತ ಹೇಳಬೇಕಿಲ್ಲ. ಉಳಿದವರಿಗೆ: ನೀರು ಕಡಲು ಸೇರೋ ಬಾಯಿ. ದೊಡ್ಡ ಹಡಗು ಹೊರಗೇ ಲಂಗರು ಹಾಕಬೇಕು, ಸರಕು ದೋಣಿಯಲ್ಲಿ ಒಳಗೆ ಬರಬೇಕು. ಮಳೆಗಾಲದಲ್ಲಿ ಅದು ಜೀವಕ್ಕೇ ಅಪಾಯ.

ಕಡಿದು ಬಿಸಾಕಿದ್ರೆ ಆಯ್ತಲ್ಲ ಅಂತೀರಾ? ದಿಣ್ಣೆಗೆ ಕೈ ಹಾಕಿದ್ರೆ ಪಕ್ಕದ ವೈಪಿನ್ ದಡವೇ ಕೊಚ್ಚಿಹೋಗಬಹುದು ಅನ್ನೋ ಭಯ ಇತ್ತು. ಅಲ್ಲಿ ಮನೆಗಳಿದ್ವು, ಜನ ಇದ್ರು. ಹಾಗಾಗಿ ಬ್ರಿಸ್ಟೋ ಮೊದಲು ಯಂತ್ರ ತರಿಸಲಿಲ್ಲ. ಉಬ್ಬರ ಇಳಿತ, ಮುಂಗಾರಿನ ಅಲೆ, ಮರಳು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತೆ ಅನ್ನೋದನ್ನೇ ಕೂತು ಓದಿದ್ರು. ಆಮೇಲೆ ದಡದ ಹತ್ತಿರ ಕಲ್ಲಿನ ಒಡ್ಡು ಹಾಕಿಸಿದ್ರು, ಅಲೆ ಹೊತ್ತು ತರೋ ಮರಳು ಅಲ್ಲೇ ನಿಲ್ಲೋ ಹಾಗೆ. ದಡ ಕೊರೆಯೋ ಕಡಲಿನ ಕೈಯಲ್ಲೇ ದಡ ಕಟ್ಟಿಸೋದು! ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಆಮೇಲೆ ಬಂತು 'ಲಾರ್ಡ್ ವಿಲಿಂಗ್ಡನ್' ಅನ್ನೋ ಡ್ರೆಜರ್. ಅಗೆದ ಹೂಳನ್ನ ಎಲ್ಲಿ ಹಾಕೋದು? ಬಿ.ಕಾಂ. ಓದಿದವನಿಗೆ ಇಲ್ಲಿ ಕಿವಿ ನಿಮಿರುತ್ತೆ. ಆ ಹೂಳಿನಿಂದಲೇ ಹಿನ್ನೀರಿನಲ್ಲಿ ಒಂದು ದ್ವೀಪ ಎದ್ದಿತು, ಅದೇ ವಿಲಿಂಗ್ಡನ್ ದ್ವೀಪ. ಹಡಗುಕಟ್ಟೆ, ರೈಲು, ವಿಮಾನ ನಿಲ್ದಾಣ ಎಲ್ಲಾ ಅದರ ಮೇಲೇ ಬಂದ್ವು. ಲೆಕ್ಕದಲ್ಲಿ ಖರ್ಚಿನ ಕಡೆ ಇದ್ದದ್ದು ಆಸ್ತಿಯ ಕಡೆಗೆ ದಾಟಿತು.

1928ರಲ್ಲಿ 'ಪದ್ಮಾ' ಅನ್ನೋ ಹಡಗು ಒಳಬಂದರಿಗೆ ಬಂತು. ಆಮೇಲೂ ಬ್ರಿಸ್ಟೋ ಊರು ಬಿಡಲಿಲ್ಲ, 1941ರವರೆಗೂ ಅಲ್ಲೇ ಇದ್ರು. ನಾವು ಎರಡು ವರ್ಷಕ್ಕೊಮ್ಮೆ ರೆಸ್ಯೂಮೆ ತಿದ್ದೋ ಕಾಲದಲ್ಲಿ, ಒಂದೇ ಅಳಿವೆಗೆ 21 ವರ್ಷ!

ಅಷ್ಟಾದ್ರೂ ಮರಳು ಸುಮ್ಮನಿರಲ್ಲ. ಹಡಗಿನ ದಾರಿಗೆ ಹೂಳು ಬರ್ತಾನೇ ಇರುತ್ತೆ, ಡ್ರೆಜಿಂಗ್ ಇವತ್ತಿಗೂ ನಿಂತಿಲ್ಲ. ಕೊಚ್ಚಿ ಬಂದರಿನ ದೊಡ್ಡ ಖರ್ಚುಗಳಲ್ಲಿ ಅದೂ ಒಂದು.